ಮರೆವಿನ ಕಾಯಿಲೆ ಮೊದಲೇ ಹೇಳುತ್ತೇವೆ ಅನ್ನುವ ರಕ್ತ ಪರೀಕ್ಷೆ: ದುಡ್ಡು ಕಟ್ಟುವ ಮುಂಚೆ ಓದಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಲ್ಯಾಬಿನವರು ಹೆಲ್ತ್ ಕ್ಯಾಂಪ್ ಹಾಕಿದ್ದರು. ಅಪ್ಪ ಹೋಗಿದ್ದು ಶುಗರ್ ನೋಡಿಸಲು. "ಅಂಕಲ್, ಅಲ್ಝೈಮರ್ ಬರುತ್ತೋ ಇಲ್ವೋ ಈಗಲೇ ಗೊತ್ತಾಗಿಬಿಡುತ್ತೆ" ಅಂತ ಹೇಳಿ ಪಿ-ಟೌ217 ಅನ್ನೋ ಟೆಸ್ಟನ್ನೂ (ಅಲ್ಝೈಮರ್‌ನಲ್ಲಿ ರಕ್ತದಲ್ಲಿ ಹೆಚ್ಚಾಗುವ ಒಂದು ಪ್ರೋಟೀನ್ ಅಳೆಯುವುದು) ಸೇರಿಸಿಬಿಟ್ಟರು. ಅಪ್ಪನಿಗೆ ಮರೆವಿನ ತೊಂದರೆಯೇ ಇರಲಿಲ್ಲ. ಅಸೋಸಿಯೇಷನ್ ಲೆಕ್ಕ ಬರೆಯುತ್ತಿದ್ದದ್ದೇ ಅವರು.

ರಿಪೋರ್ಟ್ ನೇರವಾಗಿ ಅವರ ವಾಟ್ಸಾಪಿಗೆ ಬಂತು. ಕೆಂಪು ಅಕ್ಷರದಲ್ಲಿ 'ಹೈ' ಅಂತ ಇತ್ತು. ಲ್ಯಾಬಿಗೆ ಫೋನ್ ಮಾಡಿದರೆ, "ನ್ಯೂರಾಲಜಿಸ್ಟ್ ಹತ್ರ ತೋರಿಸಿ ಸರ್" ಅಂದರಂತೆ, ಅಷ್ಟೇ. ಅಪ್ಪ ನಮಗ್ಯಾರಿಗೂ ಹೇಳಲಿಲ್ಲ. ಲೆಕ್ಕದ ಪುಸ್ತಕ ಬೇರೆಯವರಿಗೆ ಒಪ್ಪಿಸಿದರು. ಸ್ಕೂಟರ್ ಮುಟ್ಟುವುದು ಬಿಟ್ಟರು. ಒಂದು ರಾತ್ರಿ ಅಮ್ಮ ಎದ್ದು ನೋಡಿದರೆ, ಹಳೇ ಡೈರಿಯಲ್ಲಿ ಮೊಮ್ಮಕ್ಕಳ ಹುಟ್ಟಿದ ದಿನ, ಜೊತೆಗೆ ಕೆಲಸ ಮಾಡಿದವರ ಹೆಸರು ಎಲ್ಲ ಬರೆದುಕೊಂಡು, ಅಂಗೈಯಿಂದ ಮುಚ್ಚಿ, ಒಂದೊಂದೇ ಬಾಯಿಪಾಠ ಒಪ್ಪಿಸಿಕೊಳ್ಳುತ್ತಾ ಕೂತಿದ್ದರು. ಆಗಲೇ ನಮಗೆ ವಿಷಯ ಗೊತ್ತಾಗಿದ್ದು.

ನರರೋಗ ತಜ್ಞರು ರಿಪೋರ್ಟ್ ನೋಡಿ ಮೊದಲು ಕೇಳಿದ್ದು ಕಿಡ್ನಿ ಬಗ್ಗೆ. ಸಕ್ಕರೆ ಕಾಯಿಲೆಯಿಂದ ಅಪ್ಪನ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತದ ಅಂಶ) ವರ್ಷಗಳಿಂದ ಜಾಸ್ತಿಯೇ ಇದೆ. ಕಿಡ್ನಿ ಸರಿಯಾಗಿ ಕೆಲಸ ಮಾಡದವರ ರಕ್ತದಲ್ಲಿ ಅಲ್ಝೈಮರ್ ಇಲ್ಲದಿದ್ದರೂ ಪಿ-ಟೌ ಏರಿರಬಹುದಂತೆ. ಲ್ಯಾಬಿನವರು ಇದನ್ನು ಕೇಳಲೇ ಇಲ್ಲವಲ್ಲ! ಡಾಕ್ಟರ್ ನೆನಪಿನ ಪರೀಕ್ಷೆ ಮಾಡಿಸಿದರು, ಅದರಲ್ಲಿ ಎಲ್ಲ ಸರಿಯಾಗಿತ್ತು. ಆದರೂ ಯಾರದ್ದಾದರೂ ಹೆಸರು ತಕ್ಷಣ ಬಾಯಿಗೆ ಬರದಿದ್ದರೆ ಅಪ್ಪನ ಮುಖ ಈಗಲೂ ಬಿಳಚಿಕೊಳ್ಳುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಟೆಸ್ಟ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮೊದಲ ರಕ್ತ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿದೆ. ಆದರೆ ಯಾರಿಗೆ? ನಿಗದಿತ ವಯಸ್ಸು ದಾಟಿರಬೇಕು, ಮರೆವಿನ ಲಕ್ಷಣ ಇರಬೇಕು, ತಜ್ಞ ವೈದ್ಯರು ಬೇರೆ ಪರೀಕ್ಷೆಗಳ ಜೊತೆ ಇಟ್ಟು ನೋಡಬೇಕು. ಆರಾಮಾಗಿ ಇರುವವರನ್ನು ಕ್ಯಾಂಪಿನಲ್ಲಿ ಕೂರಿಸಿ ಭವಿಷ್ಯ ಹೇಳಲು ಅಲ್ಲ. ಈ ಟೆಸ್ಟ್ ಸುಳಿವು ಕೊಡುವುದು ಮಿದುಳಿನಲ್ಲಿ ಅಮೈಲಾಯ್ಡ್ ಅನ್ನೋ ಪ್ರೋಟೀನ್ ಶೇಖರವಾಗಿದೆಯಾ ಅಂತ. ಅದು ಸೇರಿದ್ದರೂ ಎಷ್ಟೋ ಜನರಿಗೆ ಕೊನೆಯವರೆಗೂ ಮರೆವಿನ ಕಾಯಿಲೆ ಬರುವುದೇ ಇಲ್ಲ.

ನಿಜಕ್ಕೂ ಮರೆವು ಕಾಣಿಸಿದರೆ ಮೊದಲು ಬಿ12, ಥೈರಾಯ್ಡ್ ನೋಡಿಸಿ. ಸಕ್ಕರೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ ಬಿ12 ಇಳಿಯುವುದುಂಟು. ಖಿನ್ನತೆ, ನಿದ್ದೆ ಮಾತ್ರೆಯಿಂದಲೂ ಮರೆವು ಬರಬಹುದು. ಇವುಗಳಿಗೆಲ್ಲ ಚಿಕಿತ್ಸೆ ಇದೆ. ಆಮೇಲೆ ನರರೋಗ ತಜ್ಞರನ್ನು ಕಾಣಿ. ಬೆಂಗಳೂರಿನವರಾದರೆ ನಿಮ್ಹಾನ್ಸ್ ಇದೆ.

ಕ್ಯಾಂಪಿನವರು ನಿಮ್ಮ ಮನೆ ಹಿರಿಯರನ್ನು ಕೂರಿಸಿಕೊಂಡರೆ ಪಕ್ಕದಲ್ಲಿ ನಿಂತು ಕೇಳಿ: ಈ ಟೆಸ್ಟ್ ಬರೆದುಕೊಟ್ಟ ಡಾಕ್ಟರ್ ಯಾರು? ಇವರ ಕಿಡ್ನಿ ರಿಪೋರ್ಟ್ ನೋಡಿದ್ರಾ? ಫಲಿತಾಂಶ ಬಂದಾಗ ಎದುರಿಗೆ ಕೂತು ವಿವರಿಸೋರು ಯಾರು? ನಮ್ಮ ಲ್ಯಾಬಿನವರ ಹತ್ತಿರ ಮೂರಕ್ಕೂ ಉತ್ತರ ಇರಲಿಲ್ಲ. ದುಡ್ಡೂ ವಾಪಸ್ ಕೊಡಲಿಲ್ಲ.