ಸಹಿ ಹಾಕುವ ಮೊದಲು ನಿಮ್ಮ ರಸ್ತೆ ಅಳೆಯಿರಿ

ಹೋದ ವಾರ ರವೀಂದ್ರನಗರದಲ್ಲಿ ಪರಿಚಿತರೊಬ್ಬರ ಮನೆಗೆ ಅರಿಸಿನ ಕುಂಕುಮಕ್ಕೆ ಹೋಗಿದ್ದೆ. ಟೀಪಾಯಿಯ ಮೇಲೆ ಒಂದು ಬಣ್ಣದ ಚಿತ್ರವಿತ್ತು. ಕೆಳಗೆ ಗಾಜಿನ ಅಂಗಡಿಗಳು, ಮೇಲೆ ನಾಲ್ಕು ಅಂತಸ್ತು ಮನೆಗಳು, ಬಾಲ್ಕನಿಯಿಂದ ಇಳಿಬಿದ್ದ ಬಳ್ಳಿ. ಎದುರಿನ ವಿಶಾಲವಾದ ರಸ್ತೆಯಲ್ಲಿ ಬಿಳಿ ನಾಯಿ ಹಿಡಿದು ನಡೆಯುವ ಹೆಂಗಸು. ಆ ನಾಯಿಯನ್ನು ನಾನು ಬಲ್ಲೆ. 2023ರಲ್ಲಿ ನಮ್ಮ ಮನೆಯ ಜಗುಲಿಯಲ್ಲಿ ಹರವಿದ ಚಿತ್ರದಲ್ಲೂ ಅದು ಇದೇ ದಿಕ್ಕಿಗೆ ಮುಖ ಮಾಡಿ ನಡೆಯುತ್ತಿತ್ತು. ಆ ಮನೆಯವರಿಗೆ ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಮನೆ ಕೆಡವಿ ನಮ್ಮ ಜಾಗದಲ್ಲಿ ಹೊಸದು ಕಟ್ಟಿ ಪಾಲು ಹಂಚಿಕೊಳ್ಳುವ ಜಂಟಿ ಅಭಿವೃದ್ಧಿ ಒಪ್ಪಂದಕ್ಕೆ ನಮ್ಮಿಂದ ಸಹಿ ಹಾಕಿಸಿಕೊಂಡ ಸಂಸ್ಥೆಯ ಹೆಸರು ಬರೆಯುವ ಹಾಗಿಲ್ಲ. ಕೊನೆಗೆ ಮಾಡಿಕೊಂಡ ರದ್ದತಿ ಪತ್ರದಲ್ಲಿ ಅದಕ್ಕೂ ಒಂದು ಷರತ್ತು ಹಾಕಿಸಿಕೊಂಡಿದ್ದಾರೆ.

ನಮ್ಮದು ಶಿವಮೊಗ್ಗದ ಹಳೆಯ ಭಾಗದ ಒಂದು ಅಡ್ಡರಸ್ತೆ. ಅಜ್ಜ ಕಟ್ಟಿಸಿದ ಹೆಂಚಿನ ಮನೆ; ಜಂಬಿಟ್ಟಿಗೆಯ ಗೋಡೆ, ಹಲಸಿನ ಕಂಬಗಳು, ತೀರ್ಥಹಳ್ಳಿ ಕಡೆಯಿಂದ ತರಿಸಿದ ಬೀಟೆಯ ಹೆಬ್ಬಾಗಿಲು. ನಿವೇಶನ 60 ಅಡಿಗೆ 90 ಅಡಿ. ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ ಇದ್ದಳು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಲು ಆಳು ಹುಡುಕುವುದೇ ಪ್ರತಿ ವರ್ಷದ ಗೋಳು. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಜಾಗ ಇರುವವರ ಮನೆಯ ಬಾಗಿಲು ತಟ್ಟುವವರು ಹೆಚ್ಚಾದರು. ಹಾಗೆ ಬಂದವರಲ್ಲಿ ಇವರೇ ಸಭ್ಯರು. ವಾಸ್ತುಶಿಲ್ಪ ಸಂಸ್ಥೆ ಎಂದಾಗ ನಮಗೂ ಬಿಲ್ಡರ್‌ಗಿಂತ ಒಂದು ತೂಕ ಹೆಚ್ಚು ಎನ್ನಿಸಿತು. ಮುಖ್ಯಸ್ಥ ಎನ್ನಿಸಿಕೊಂಡವರು ಅಮ್ಮನ ಕಾಲಿಗೆ ನಮಸ್ಕರಿಸಿ, "ಅಮ್ಮಾ, ಈ ಕಂಬಗಳನ್ನು ಹೊಸ ಕಟ್ಟಡದ ಮುಖಮಂಟಪದಲ್ಲೇ ನಿಲ್ಲಿಸುತ್ತೇವೆ" ಎಂದರು. ಆ ಮಾತಿಗೇ ಅವಳು ಅರ್ಧ ಒಪ್ಪಿದಳು.

ಒಪ್ಪಂದ ಹೀಗಿತ್ತು: ಅಂಗಡಿ ನಾಲ್ಕು, ಮನೆ ಎಂಟು, ಅರ್ಧ ನಮಗೆ ಅರ್ಧ ಅವರಿಗೆ. ಮುಂಗಡ ಹತ್ತು ಲಕ್ಷ, ಅದರಲ್ಲಿ ಐದು ಸಹಿಯ ದಿನ, ಉಳಿದದ್ದು ತಳಪಾಯದ ದಿನ. ಅಮ್ಮನ ಬಾಡಿಗೆ ಮನೆಗೆ ತಿಂಗಳಿಗೆ 14,000 ರೂಪಾಯಿ. ಕೆಲಸ 24 ತಿಂಗಳಲ್ಲಿ ಮುಗಿಯಬೇಕು, ತಡವಾದರೆ ದಂಡ. ಬೆಂಗಳೂರಿನಲ್ಲಿರುವ ಅಣ್ಣ ಫೋನಿನಲ್ಲೇ ಓದಿ, "ಎಲ್ಲ ಕಡೆಯೂ ಹೀಗೇ ಇರುತ್ತದೆ" ಎಂದ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಲೆಕ್ಕ ನೋಡಿದೆ, ವಾಕ್ಯ ನೋಡಲಿಲ್ಲ.

ವಾಕ್ಯ ಇದು: "ನಕ್ಷೆ ಮಂಜೂರಾದ ದಿನಾಂಕದಿಂದ 24 ತಿಂಗಳೊಳಗಾಗಿ." ಸಹಿಯ ದಿನದಿಂದ ಅಲ್ಲ, ಮನೆ ಬಿಟ್ಟುಕೊಟ್ಟ ದಿನದಿಂದಲೂ ಅಲ್ಲ. ನಕ್ಷೆ ಮಂಜೂರಾಗದಿದ್ದರೆ ಆ 24 ತಿಂಗಳು ಶುರುವೇ ಆಗುವುದಿಲ್ಲ. ಶುರುವಾಗದ ಮೇಲೆ ತಡವೂ ಇಲ್ಲ, ದಂಡವೂ ಇಲ್ಲ. ಮಂಜೂರು ಮಾಡಿಸುವ ಹೊಣೆ ಯಾರದು? ಅವರದೇ. ಎಷ್ಟು ದಿನದೊಳಗೆ ಎಂಬುದಕ್ಕೆ ಒಂದು ಅಕ್ಷರವೂ ಇರಲಿಲ್ಲ.

ನಕ್ಷೆ ಮಂಜೂರಾಗಲಿಲ್ಲ. ಆಗುವಂಥದ್ದೂ ಆಗಿರಲಿಲ್ಲ. ಎಷ್ಟು ಎತ್ತರ, ಎಷ್ಟು ವಿಸ್ತೀರ್ಣ ಕಟ್ಟಬಹುದು ಎಂಬುದು ಜಾಗದ ಅಳತೆಯ ಜೊತೆಗೆ ಎದುರಿನ ರಸ್ತೆಯ ಅಗಲದ ಮೇಲೂ ನಿಂತಿರುತ್ತದೆ. ನಮ್ಮ ರಸ್ತೆ ಚರಂಡಿ ಸೇರಿಸಿದರೂ ಇಪ್ಪತ್ತು ಅಡಿ ದಾಟುವುದಿಲ್ಲ. ಕಸದ ಗಾಡಿ ಒಳಗೆ ಬಂದರೆ ಹಿಂದಕ್ಕೇ ಹೋಗಬೇಕು, ತಿರುಗಿಸಲು ಜಾಗವಿಲ್ಲ. ಚಿತ್ರದಲ್ಲಿ ಅದೇ ರಸ್ತೆಯಲ್ಲಿ ಎರಡು ಕಾರು ಎದುರುಬದುರಾಗಿ ಸಲೀಸಾಗಿ ಹೋಗುತ್ತಿದ್ದವು, ಬದಿಯಲ್ಲಿ ಹೂವಿನ ಮರಗಳಿದ್ದವು, ನಾಯಿಯೂ ಇತ್ತು. ಹುಟ್ಟಿದಂದಿನಿಂದ ಓಡಾಡಿದ ರಸ್ತೆ. ಚಿತ್ರ ನೋಡುವಾಗ ನಮ್ಮಲ್ಲಿ ಒಬ್ಬರಿಗೂ "ಇದು ನಮ್ಮ ರಸ್ತೆಯಲ್ಲವಲ್ಲ" ಎನ್ನಿಸಲಿಲ್ಲ! ಪಾಲಿಕೆಯಿಂದ ಕಡತ ಎರಡು ಸಲ ಆಕ್ಷೇಪಣೆಯೊಂದಿಗೆ ವಾಪಸು ಬಂದಿತ್ತಂತೆ. ನಮಗೆ ಅದು ತಿಳಿದದ್ದು ಒಂದು ವರ್ಷದ ಮೇಲೆ, ನಾನೇ ಹೋಗಿ ವಿಚಾರಿಸಿದಾಗ. ಅಲ್ಲಿಯವರೆಗೆ ಅವರ ಉತ್ತರ ಒಂದೇ: "ಪ್ರಕ್ರಿಯೆಯಲ್ಲಿದೆ ಮೇಡಂ."

ಅಷ್ಟರಲ್ಲಿ ಮನೆ ಹೋಗಿತ್ತು. ಮಳೆ ಹಿಡಿಯುವುದರೊಳಗೆ ತಳಪಾಯ ಮೇಲೆತ್ತಬೇಕು ಎಂದು ಅವಸರ ಮಾಡಿ 2024ರ ಫೆಬ್ರುವರಿಯಲ್ಲೇ ಕೆಡವಿದರು. ಅಮ್ಮ ನೋಡಲು ಬರಬಾರದೆಂದು ಹೇಳಿದ್ದೆ. ಬಂದಳು. ಎದುರು ಮನೆಯ ಕಟ್ಟೆಯ ಮೇಲೆ ಕುಳಿತಳು. ಆಳುಗಳು ಮಾಡಿನ ಮೇಲಿಂದ ಹೆಂಚುಗಳನ್ನು ಒಂದೊಂದಾಗಿ ಕೈಯಿಂದ ಕೈಗೆ ದಾಟಿಸಿ ಲಾರಿಯಲ್ಲಿ ಹುಲ್ಲು ಹಾಸಿ ಜೋಡಿಸುತ್ತಿದ್ದರು. ಹೆಬ್ಬಾಗಿಲನ್ನು ನಾಲ್ಕು ಜನ ಚೌಕಟ್ಟಿನ ಸಮೇತ ಬಿಡಿಸಿ, ಮೂಲೆಗಳಿಗೆ ಗೋಣಿತಾಟು ಸುತ್ತಿ, ಹಗ್ಗ ಬಿಗಿದರು. ಅಮ್ಮ ಸುಮಾರು ಹೊತ್ತು ನೋಡಿ, "ಕೆಡವುವವರು ಇಷ್ಟು ಜೋಪಾನ ಮಾಡುತ್ತಾರೆಯೇ?" ಎಂದು ಕೇಳಿದಳು. ಮನೆಗೆ ಬಂದು ಒಪ್ಪಂದದ ಹದಿನಾಲ್ಕನೆಯ ಷರತ್ತನ್ನು ತೆಗೆದು ನೋಡಿದೆ: ಹಳೆಯ ಕಟ್ಟಡದ ಅವಶೇಷಗಳು ಎರಡನೆಯ ಪಕ್ಷದವರಿಗೆ, ಎಂದರೆ ಸಂಸ್ಥೆಗೆ, ಸೇರತಕ್ಕದ್ದು. ಅವಶೇಷ ಎಂದರೆ ಮಣ್ಣು, ಇಟ್ಟಿಗೆ ಚೂರು ಎಂದುಕೊಂಡಿದ್ದೆವು. ಆ ಕಂಬ, ಬಾಗಿಲು, ತೊಲೆಗಳು ಈಗ ಯಾರ ಮುಖಮಂಟಪದಲ್ಲಿವೆಯೋ ಗೊತ್ತಿಲ್ಲ. ಮಲೆನಾಡಿನ ಹಳೆಯ ಮನೆಯಲ್ಲಿ ಮರವೇ ಒಂದು ಆಸ್ತಿ. ಅದನ್ನು ಎಣಿಸಿ, ಅಳೆದು, ಫೋಟೋ ತೆಗೆದು ಪಟ್ಟಿ ಮಾಡಿ ಒಪ್ಪಂದಕ್ಕೆ ಲಗತ್ತಿಸದೆ ಒಂದು ಹೆಂಚನ್ನೂ ಇಳಿಸಲು ಬಿಡಬೇಡಿ.

ಜೂನ್ ಬಂತು. ತಳಪಾಯಕ್ಕೆಂದು ತೋಡಿದ ಗುಂಡಿ ಕೆರೆಯಾಯಿತು. ಪಕ್ಕದ ಮನೆಯ ಕಾಂಪೌಂಡು ನೆನೆದು ನೆನೆದು ಒಂದು ರಾತ್ರಿ ಗುಂಡಿಯೊಳಕ್ಕೆ ಕುಸಿಯಿತು. ಸೊಳ್ಳೆಮರಿ ಸಿಕ್ಕಿದ್ದಕ್ಕೆ ನೋಟಿಸು ಬಂದದ್ದು ಖಾತೆದಾರಳಾದ ಅಮ್ಮನ ಹೆಸರಿಗೆ. ಗೋಡೆ ಕಟ್ಟಿಸಿಕೊಟ್ಟವರೂ ನಾವೇ. ಹನ್ನೊಂದು ತಿಂಗಳ ಬಾಡಿಗೆ ಸರಿಯಾಗಿ ಬಂತು, ಆಮೇಲೆ ನಿಂತಿತು.

ಇಷ್ಟಾದ ಮೇಲೆ ಬಿಟ್ಟುಬಿಡಿ ಎನ್ನಬಹುದಿತ್ತಲ್ಲ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲೇ ಎರಡನೆಯ ಕುಣಿಕೆ. ಜಂಟಿ ಅಭಿವೃದ್ಧಿ ಒಪ್ಪಂದದ ಜೊತೆಗೆ ಅಂದೇ ಉಪನೋಂದಣಿ ಕಚೇರಿಯಲ್ಲಿ ಒಂದು ಜಿಪಿಎ, ಎಂದರೆ ನಮ್ಮ ಪರವಾಗಿ ವ್ಯವಹರಿಸುವ ಸಾಮಾನ್ಯ ಅಧಿಕಾರ ಪತ್ರ, ಕೂಡ ಬರೆಸಿಕೊಂಡಿದ್ದರು. ನಕ್ಷೆ, ವಿದ್ಯುತ್ತು, ನೀರು ಅಂತ ಕಚೇರಿಗಳಿಗೆ ಓಡಾಡಲು ಎಂದಿದ್ದರು. ಒಳಗೆ ಅವರ ಪಾಲನ್ನು ಮಾರುವ, ಮುಂಗಡ ಪಡೆಯುವ ಅಧಿಕಾರವೂ ಇತ್ತು. ಜಿಪಿಎ ಕೊಟ್ಟವರು ಬೇಕೆಂದಾಗ ಹಿಂತೆಗೆದುಕೊಳ್ಳಬಹುದು ಎಂದು ನಾನು ತಿಳಿದಿದ್ದೆ. ವಕೀಲರು 1872ರ ಕರಾರು ಕಾಯ್ದೆಯ 202ನೇ ಕಲಮನ್ನು ಓದಿ ಹೇಳಿದರು: ಅಧಿಕಾರ ಪಡೆದವನಿಗೆ ಆ ಆಸ್ತಿಯಲ್ಲೇ ಹಿತಾಸಕ್ತಿ ಇದ್ದರೆ, ಹಿಂತೆಗೆದುಕೊಳ್ಳಬಹುದು ಎಂದು ಸ್ಪಷ್ಟವಾಗಿ ಬರೆದಿರದ ಹೊರತು, ಅವನ ಹಿತಕ್ಕೆ ಧಕ್ಕೆಯಾಗುವಂತೆ ಅದನ್ನು ಕೊನೆಗಾಣಿಸಲು ಬರುವುದಿಲ್ಲ. ಒಪ್ಪಂದ, ಜಿಪಿಎ ಎರಡೂ ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ (ಇಸಿ) ಕಾಣಿಸುತ್ತವೆ. ಸಣ್ಣದೊಂದು ಮನೆಯನ್ನಾದರೂ ನಾವೇ ಕಟ್ಟಿಕೊಳ್ಳೋಣ ಎಂದು ಸಾಲ ಕೇಳಲು ಹೋದರೆ ಬ್ಯಾಂಕಿನವರು ಆ ಪತ್ರ ನೋಡಿ ಕಡತವನ್ನು ಪಕ್ಕಕ್ಕಿಟ್ಟರು.

ನಿಜವಾಗಿ ಹೆದರಿದ್ದು ಒಂದು ಭಾನುವಾರ. ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ವಿನೋಬನಗರದ ಬಾಡಿಗೆ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು. ಮಗನಿಗೆ ಔಷಧಿ ಅಂಗಡಿ ಹಾಕಿಕೊಡಬೇಕೆಂದು ನಮ್ಮ ಜಾಗದಲ್ಲಿ ಏಳಬೇಕಿದ್ದ ಮೂವತ್ತು ಲಕ್ಷದ ಮಳಿಗೆಗೆ ಹನ್ನೆರಡು ಲಕ್ಷ ಕೊಟ್ಟಿದ್ದರು. ಕೈಯಲ್ಲಿದ್ದದ್ದು ಸಂಸ್ಥೆಯ ರಸೀದಿ ಮಾತ್ರ. "ಜಾಗ ನಿಮ್ಮ ಹೆಸರಿನಲ್ಲಿದೆ ಎಂದು ನಂಬಿ ಕೊಟ್ಟೆ ಅಮ್ಮಾ" ಎಂದರು. ಗದರಿದ್ದರೆ ಉತ್ತರ ಕೊಡಬಹುದಿತ್ತು. ಅವರು ಗದರಲಿಲ್ಲ.

ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ಲಗಾಮು ಹಾಕುವ ರೇರಾ ಕಾಯ್ದೆಯನ್ನು ಓದಿದ್ದು ಆ ರಾತ್ರಿ. 2016ರ ಆ ಕಾಯ್ದೆಯ ಪ್ರಕಾರ ನೋಂದಾಯಿತ ಮಾರಾಟ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಇವರು ಪಡೆದದ್ದು ಶೇ 40. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಘಟಕಗಳು ಎಂಟು ಮೀರದಿದ್ದರೆ ಯೋಜನೆಯನ್ನು ರೇರಾದಲ್ಲಿ ನೋಂದಾಯಿಸಬೇಕಿಲ್ಲ. "ನಮ್ಮದು ಎಂಟೇ ಫ್ಲಾಟು, ರೇರಾ ಅನ್ವಯಿಸುವುದಿಲ್ಲ" ಎಂದು ಅವರು ಮೊದಲೇ ಹೇಳಿದ್ದರು, ನಾವು ತಲೆಯಾಡಿಸಿದ್ದೆವು. ಆದರೆ ಕಾಯ್ದೆಯ ವ್ಯಾಖ್ಯೆಯಲ್ಲಿ ಅಂಗಡಿಯೂ 'ಅಪಾರ್ಟ್‌ಮೆಂಟ್' ಎಂದೇ ಲೆಕ್ಕ. ಎಂಟಕ್ಕೆ ನಾಲ್ಕು ಸೇರಿದರೆ ಹನ್ನೆರಡು. ಜಾಗ 5,400 ಚದರ ಅಡಿ, ಎಂದರೆ 501 ಚದರ ಮೀಟರಿಗಿಂತ ತುಸು ಹೆಚ್ಚು. ಗಣಿತದ ಮೇಷ್ಟರಮ್ಮನಿಗೆ ಈ ಭಾಗಾಕಾರ ಮೊದಲೇ ಹೊಳೆಯಬೇಕಿತ್ತು. ಇನ್ನೂ ಒಂದಿದೆ: ಕಟ್ಟುವವರು ಬೇರೆ, ಮಾರುವವರು ಬೇರೆಯಾದರೆ ಇಬ್ಬರೂ ಕಾಯ್ದೆಯ ಲೆಕ್ಕಕ್ಕೆ ಪ್ರವರ್ತಕರೇ (ಪ್ರಮೋಟರ್), ಇಬ್ಬರದೂ ಜಂಟಿ ಹೊಣೆ. ನಿಮ್ಮ ಪಾಲಿನ ಮನೆಗಳನ್ನು ನೀವೇ ಮಾರಲು ಹೊರಟರೆ ಆ ಹೊಣೆ ನಿಮ್ಮ ಕೊರಳಿಗೂ ಬರುತ್ತದೆ ಎಂದು ವಕೀಲರು ಎಚ್ಚರಿಸಿದರು.

ವಾಸ್ತುಶಿಲ್ಪಿಯ ಕಥೆ ಚಿಕ್ಕದು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಕೆಳಗೆ ಹೆಸರು ನೋಂದಾಯಿಸಿಕೊಂಡವರು ಮಾತ್ರ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. 'ಸಿಎ' ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಅವರ ಕಾಗದದ ತಲೆಯ ಮೇಲೂ ಒಂದು ಸಂಖ್ಯೆ ಇತ್ತು. ಅದು ಹುಬ್ಬಳ್ಳಿಯಲ್ಲಿರುವ ಬೇರೆ ಒಬ್ಬರದು, ನಕ್ಷೆಗೆ ಸಹಿ ಮಾಡಿದ್ದಕ್ಕೆ ಶುಲ್ಕ ಪಡೆದವರು. ಅಮ್ಮನ ಕಾಲಿಗೆ ನಮಸ್ಕರಿಸಿದವರು ಆರ್ಕಿಟೆಕ್ಟೇ ಅಲ್ಲ.

ದಾವೆ ಹೂಡಿದರೆ ವರ್ಷಗಟ್ಟಲೆ ಎಂದು ವಕೀಲರು ಮುಚ್ಚುಮರೆಯಿಲ್ಲದೆ ಹೇಳಿದರು. ಅಮ್ಮನಿಗೆ 78. ಮಾತುಕತೆಗೆ ಕುಳಿತೆವು. ಅವರು ಕೊಟ್ಟ ಐದು ಲಕ್ಷ ಮುಂಗಡ, ಮೇಲೆ ಖರ್ಚು ಎಂದು ಮೂರು ಲಕ್ಷ ನಾವೇ ಕೊಟ್ಟು ಒಪ್ಪಂದ, ಜಿಪಿಎ ಎರಡನ್ನೂ ರದ್ದು ಮಾಡಿಸಿಕೊಂಡೆವು. ಬೆಳೆಗಾರರ ಹನ್ನೆರಡು ಲಕ್ಷ ಹಿಂದಿರುಗಿಸಿದ ಬ್ಯಾಂಕ್ ದಾಖಲೆ ತೋರಿಸುವವರೆಗೆ ಸಹಿ ಹಾಕುವುದಿಲ್ಲ ಎಂದು ಅಮ್ಮ ಹಟ ಹಿಡಿದಳು. ಇಡೀ ವ್ಯವಹಾರದಲ್ಲಿ ನಮ್ಮ ಮನೆಯವರು ಮಾಡಿದ ಜಾಣತನ ಅದೊಂದೇ. ಈಗ ಉಳಿದಿರುವುದು ಗುಂಡಿ ಬಿದ್ದ ಖಾಲಿ ಜಾಗ.

ರವೀಂದ್ರನಗರದವರ ಕರಡನ್ನು ಅಂದೇ ಕೂತು ಓದಿದೆ. "ಮಂಜೂರಾದ ದಿನಾಂಕದಿಂದ 30 ತಿಂಗಳು" ಎಂದಿತ್ತು. ಅದನ್ನು ಹೊಡೆದು, ಸಹಿಯಾದ ಆರು ತಿಂಗಳೊಳಗೆ ಮಂಜೂರಾತಿ ಬಾರದಿದ್ದರೆ ಒಪ್ಪಂದವೂ ಜಿಪಿಎಯೂ ತಾವಾಗಿಯೇ ರದ್ದು, ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಮನೆ ಖಾಲಿ ಮಾಡುವುದಿಲ್ಲ, ಜಿಪಿಎಯಲ್ಲಿ ಮಾರಾಟದ ಮಾತು ಇರಕೂಡದು ಎಂದು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಟ್ಟೆ. ನಗರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಅವರ ಬೀದಿ ವಸತಿಗೆ ಮೀಸಲೋ ವಾಣಿಜ್ಯಕ್ಕೋ ಎಂದು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ವಿಚಾರಿಸಲು ಹೇಳಿದೆ. ಆಮೇಲೆ ಅವರ ಮಗನ ಕೈಗೆ ಟೇಪು ಕೊಟ್ಟು ಗೇಟಿನಿಂದ ಎದುರು ಕಾಂಪೌಂಡಿನವರೆಗೆ ಹಿಡಿಸಿದೆ. ಇಪ್ಪತ್ತೆಂಟು ಅಡಿ ಚಿಲ್ಲರೆ ಬಂತು. ತಿದ್ದಿದ ಕರಡನ್ನು ಸಂಸ್ಥೆಗೆ ಕಳಿಸಿ ನಾಲ್ಕು ದಿನವಾಯಿತಂತೆ. ಇನ್ನೂ ಉತ್ತರ ಬಂದಿಲ್ಲ.