ಕೆ3ಎಸ್ ಜೊತೆ ಮೂರು ವರ್ಷ: ಬ್ಯಾಡಗಿಯಿಂದ ನರಗುಂದದವರೆಗೆ 23 ಡಬ್ಬಿ

ಹಲವು ಕಂಪ್ಯೂಟರ್‌ಗಳಲ್ಲಿ ಪ್ರೋಗ್ರಾಂಗಳನ್ನು ಓಡಿಸಿ ನೋಡಿಕೊಳ್ಳುವ ಕೆ3ಎಸ್ ಎಂಬ ಸಾಫ್ಟ್‌ವೇರ್ ಬಗ್ಗೆ ನಮ್ಮ ಅನುಭವ ಇದು. ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ಕಂಪನಿಯ ಇಂಜಿನಿಯರ್ ಅಲ್ಲ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಒಂದು ಸಣ್ಣ ಆಫೀಸು, ಅದರಲ್ಲಿ ನಾವು ಮೂರು ಜನ. ಕೋಲ್ಡ್ ಸ್ಟೋರೇಜ್, ಗೋದಾಮು, ವೇ ಬ್ರಿಡ್ಜ್ ಇರುವ ಮಾಲೀಕರಿಗೆ ಸೆನ್ಸರ್, ಕ್ಯಾಮೆರಾ ಹಾಕಿಕೊಟ್ಟು ಆಮೇಲೆ ಅವನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಬ್ಯಾಡಗಿಯಲ್ಲೇ ಒಂಬತ್ತು ಸೈಟ್ ಇವೆ. ಉಳಿದವು ರಾಣೆಬೆನ್ನೂರು, ಹಾನಗಲ್ಲ, ಗದಗ, ಲಕ್ಷ್ಮೇಶ್ವರ, ರೋಣ, ನರಗುಂದ, ಕುಂದಗೋಳ ಅಂತ ಚದುರಿವೆ. ಒಟ್ಟು 23. ಪ್ರತಿ ಸೈಟಿನಲ್ಲೂ ಒಂದು ಸಣ್ಣ ಕಂಪ್ಯೂಟರ್, ನಾವು ಅದಕ್ಕೆ ಡಬ್ಬಿ ಅಂತೀವಿ. ಬ್ಯಾಡಗಿಯಲ್ಲಿ ಈ ಹೆಸರೇ ಗೊಂದಲ, ಯಾಕಂದರೆ ಅಲ್ಲಿ ಕಡ್ಡಿ ಒಂದು ಜಾತಿ ಮೆಣಸಿನಕಾಯಿ, ಡಬ್ಬಿ ಇನ್ನೊಂದು ಜಾತಿ. "ಕಾಕಾ, ಡಬ್ಬಿ ಚಾಲೂ ಐತೇನ್ರಿ?" ಅಂತ ಫೋನಿನಲ್ಲಿ ಕೇಳಿದ್ದಕ್ಕೆ "ಡಬ್ಬಿ ರೇಟ್ ನನಗೇನ್ ಗೊತ್ತರಿ ಸರ, ದಲಾಲರ ಅಂಗಡ್ಯಾಗ ಕೇಳ್ರಿ" ಅಂದ ವಾಚ್‌ಮನ್ ಕಾಕಾ ಇದ್ದಾರೆ.

ಸೈಟಿನಲ್ಲೇ ಡಬ್ಬಿ ಯಾಕೆ, ಎಲ್ಲವನ್ನೂ ಕ್ಲೌಡಿಗೆ ಕಳಿಸಬಾರದಾ ಅಂತ ಮಾಲೀಕರು ಈಗಲೂ ಕೇಳುತ್ತಾರೆ. ನಾಲ್ಕು ಕ್ಯಾಮೆರಾದ ವಿಡಿಯೋವನ್ನು ಸಿಮ್ ಕಾರ್ಡಿನ ಇಂಟರ್ನೆಟ್ ಮೇಲೆ ಇಡೀ ದಿನ ಕಳಿಸಲು ಆಗಲ್ಲ. ಲಾರಿ ನಂಬರ್ ಓದುವ ಕೆಲಸ ಅಲ್ಲೇ ಮುಗಿಯಬೇಕು. ಮತ್ತೆ, ರಾತ್ರಿ ಎರಡು ಗಂಟೆಗೆ ಕೋಲ್ಡ್ ರೂಮಿನ ಬಾಗಿಲು ತೆರೆದೇ ಉಳಿದರೆ ಸೈರನ್ ಹೊಡೆಯಲೇಬೇಕು, ನೆಟ್ ಇರಲಿ ಬಿಡಲಿ. ಒಳಗೆ ಮಲಗಿರುವುದು ಬೇರೆಯವರ ವರ್ಷದ ಬೆಳೆ.

2022ರ ಆಗಸ್ಟ್‌ವರೆಗೆ ನಾವು ಪ್ರತಿ ಡಬ್ಬಿಗೂ ಒಂದೊಂದಾಗಿ ಲಾಗಿನ್ ಆಗಿ ಕೈಯಾರೆ ಪ್ರೋಗ್ರಾಂ ಬದಲಿಸುತ್ತಿದ್ದೆವು. ಹನ್ನೊಂದು ಸೈಟ್ ಆಗುವಷ್ಟರಲ್ಲಿ ಯಾವುದರಲ್ಲಿ ಯಾವ ವರ್ಷನ್ ಇದೆ ಅಂತ ನಮಗೇ ಗೊತ್ತಿರಲಿಲ್ಲ. ಆಗ ಕೆ3ಎಸ್ ಹಿಡಿದೆವು. ಇದು ಕುಬರ್ನೆಟಿಸ್‌ನ ಹಗುರ ರೂಪ. ಯಾವ ಪ್ರೋಗ್ರಾಂ ಯಾವ ಕಂಪ್ಯೂಟರಿನಲ್ಲಿ ಓಡಬೇಕು ಅಂತ ನೋಡಿಕೊಂಡು, ನಿಂತರೆ ಮತ್ತೆ ಎಬ್ಬಿಸುವುದು ಕುಬರ್ನೆಟಿಸ್ ಕೆಲಸ. ರ‍್ಯಾಂಚರ್ ಲ್ಯಾಬ್ಸ್‌ನವರು 2019ರಲ್ಲಿ ಹೊರತಂದರು, 2020ರಲ್ಲಿ ಅದು ಇಂಥ ಮುಕ್ತ ಸಾಫ್ಟ್‌ವೇರ್‌ಗಳನ್ನು ನೋಡಿಕೊಳ್ಳುವ ಸಿಎನ್‌ಸಿಎಫ್ ಸಂಸ್ಥೆಯ ಅಡಿಗೆ ಹೋಯಿತು. ಕುಬರ್ನೆಟಿಸ್ ಎಂಬ ಇಂಗ್ಲಿಷ್ ಪದದಲ್ಲಿ ಹತ್ತು ಅಕ್ಷರ, ಮೊದಲ ಕೆ ಮತ್ತು ಕೊನೆಯ ಎಸ್ ನಡುವೆ ಎಂಟು, ಅದಕ್ಕೇ ಚಿಕ್ಕದಾಗಿ ಕೆ8ಎಸ್ ಅನ್ನುತ್ತಾರೆ. ಅದರ ಅರ್ಧ ಗಾತ್ರ ಬೇಕು ಅಂತ ಐದಕ್ಷರದ ಲೆಕ್ಕದಲ್ಲಿ ಇದಕ್ಕೆ ಕೆ3ಎಸ್ ಅಂತ ಹೆಸರು. ಪೂರ್ತಿ ಹೆಸರು ಏನು ಅಂತ ಹುಡುಕಬೇಡಿ, ಇಲ್ಲ.

ಹಾಕುವುದು ನಿಜಕ್ಕೂ ಸುಲಭ. ಒಂದೇ ಫೈಲು, 100 ಎಂಬಿ ಒಳಗೆ. ರಾಸ್ಪ್‌ಬೆರಿ ಪೈ ಎಂಬ ಅಂಗೈ ಗಾತ್ರದ ಕಂಪ್ಯೂಟರ್ ಇದ್ದರೆ ಮಾತ್ರ ಬೂಟ್ ಫೈಲಿನಲ್ಲಿ ಮೆಮೊರಿ ಸಿಗ್ರೂಪ್ (ಪ್ರೋಗ್ರಾಂಗಳ ಮೆಮೊರಿಗೆ ಲೆಕ್ಕ, ಮಿತಿ ಇಡುವ ಸೌಲಭ್ಯ) ಆನ್ ಮಾಡುವ ಮಾತು ಸೇರಿಸಿ, ಇಲ್ಲದಿದ್ದರೆ ಅದು ಏಳುವುದೇ ಇಲ್ಲ. ನಾನು ಇದಕ್ಕೇ ಒಂದು ಭಾನುವಾರ ಕಳೆದಿದ್ದೇನೆ.

ಈಗ ನಮ್ಮ ದೊಡ್ಡ ತಪ್ಪಿಗೆ ಬರುತ್ತೇನೆ. ಹುಬ್ಬಳ್ಳಿ ಆಫೀಸಿನಲ್ಲಿ ಒಂದು ಸರ್ವರ್ (ಅಪ್ಪಣೆ ಕೊಡುವ ಕಂಪ್ಯೂಟರ್), ಎಲ್ಲ ಸೈಟಿನ ಡಬ್ಬಿಗಳೂ ಅದರ ಕೆಳಗೆ ಏಜೆಂಟ್ (ಹೇಳಿದ್ದನ್ನು ಓಡಿಸುವವು), ಎಲ್ಲ ಸೇರಿ ಒಂದೇ ದೊಡ್ಡ ಕ್ಲಸ್ಟರ್ ಅಥವಾ ಗುಂಪು ಅಂತ ಮಾಡಿದೆವು. ನೋಡಲು ಬಹಳ ಚೆಂದ, ಒಂದು ಕಮಾಂಡ್ ಹೊಡೆದರೆ ಎಲ್ಲ ಊರೂ ಸಾಲಾಗಿ ಕಾಣುತ್ತವೆ. ಆದರೆ ಕುಬರ್ನೆಟಿಸ್ ಹುಟ್ಟಿದ್ದು ಡೇಟಾ ಸೆಂಟರಿನಲ್ಲಿ. 40-50 ಸೆಕೆಂಡ್ ಸುದ್ದಿ ಬರದಿದ್ದರೆ ಆ ನೋಡ್ (ಗುಂಪಿನ ಒಂದು ಕಂಪ್ಯೂಟರ್) ಕೈಕೊಟ್ಟಿತು ಅಂತ ಬರೆದುಕೊಳ್ಳುತ್ತದೆ. ಇನ್ನೂ ಐದು ನಿಮಿಷ ಕಾದು, ಅಲ್ಲಿದ್ದ ಪ್ರೋಗ್ರಾಂಗಳನ್ನು ಬೇರೆ ನೋಡ್‌ನಲ್ಲಿ ಎಬ್ಬಿಸುತ್ತದೆ. ಡೇಟಾ ಸೆಂಟರಿನಲ್ಲಿ ಅದು ಸರಿ. ಬ್ಯಾಡಗಿಯಲ್ಲಿ ನೆಟ್ ಹತ್ತು ನಿಮಿಷ ಹೋಗುವುದು ದಿನದ ಮಾತು. ಒಂದು ಸಂಜೆ ನೋಡಿದರೆ ಬ್ಯಾಡಗಿಯ ಥರ್ಮಾಮೀಟರ್ ಓದಬೇಕಾದ ಪ್ರೋಗ್ರಾಂ ಗದಗಿನ ಡಬ್ಬಿಯಲ್ಲಿ ಎದ್ದು ಕೂತು, ಅಲ್ಲಿ ಇಲ್ಲದ ಥರ್ಮಾಮೀಟರನ್ನು ಹುಡುಕುತ್ತಿತ್ತು.

ನೋಡ್ ಸೆಲೆಕ್ಟರ್, ಅಂದರೆ ಈ ಪ್ರೋಗ್ರಾಂ ಈ ಡಬ್ಬಿಯಲ್ಲೇ ಓಡಲಿ ಅನ್ನುವ ಷರತ್ತು, ಹಾಕಬಹುದಿತ್ತಲ್ವಾ ಅಂತ ಬಲ್ಲವರು ಕೇಳುತ್ತೀರಿ. ಹಾಕಿದೆವು. ಪ್ರೋಗ್ರಾಂ ಊರು ಬಿಟ್ಟು ಹೋಗುವುದು ನಿಂತಿತು. ಆದರೆ ಮಳೆ ಗಾಳಿಗೆ ಕರೆಂಟ್ ಮತ್ತು ನೆಟ್ ಎರಡೂ ಒಟ್ಟಿಗೆ ಹೋಗುತ್ತವೆ, ಕರೆಂಟ್ ಮೊದಲು ಬರುತ್ತದೆ, ನೆಟ್ ಬೆಳಿಗ್ಗೆ ಬರುತ್ತದೆ. ಏಜೆಂಟ್ ಡಬ್ಬಿ ಹೊಸದಾಗಿ ಆನ್ ಆದಾಗ ಸರ್ವರ್ ಸಿಗದಿದ್ದರೆ ಏನನ್ನೂ ಶುರು ಮಾಡುವುದಿಲ್ಲ, ಸುಮ್ನೆ ಸರ್ವರ್ ಸರ್ವರ್ ಅಂತ ಕೂಗುತ್ತಾ ಕೂರುತ್ತದೆ. ಅಂದರೆ ಸೈರನ್ ಬೇಕೇ ಬೇಕಾದ ರಾತ್ರಿಯೇ ಸೈರನ್ ಇಲ್ಲ. ಹಾನಗಲ್ಲದಲ್ಲಿ ಹೀಗೆ ಒಂದು ರಾತ್ರಿ ಕಳೆಯಿತು. ಬಾಗಿಲು ಮುಚ್ಚಿತ್ತು, ಬಚಾವಾದೆವು.

ಅವತ್ತಿನಿಂದ ಪ್ರತಿ ಡಬ್ಬಿಯೂ ತಾನೇ ಸರ್ವರ್, ತಾನೇ ಏಜೆಂಟ್. 23 ಸೈಟ್ ಅಂದರೆ 23 ಕ್ಲಸ್ಟರ್. ಹುಬ್ಬಳ್ಳಿ ಆಫೀಸು ನಾಳೆ ಮುಳುಗಿಹೋದರೂ ಅವು ತಮ್ಮ ಪಾಡಿಗೆ ನಡೆಯಬೇಕು. ಏನು ಓಡಬೇಕು ಅನ್ನುವುದನ್ನು ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಬರೆದಿಡುತ್ತೇವೆ. ಪ್ರತಿ ಡಬ್ಬಿಯಲ್ಲಿ ಫ್ಲಕ್ಸ್ ಇದೆ. ಫ್ಲೆಕ್ಸ್ ಬ್ಯಾನರ್ ಅಲ್ಲ, ಫ್ಲಕ್ಸ್. ಅದು ಹತ್ತು ನಿಮಿಷಕ್ಕೊಮ್ಮೆ ಗಿಟ್ ನೋಡಿ ಹೊಸದಿದ್ದರೆ ತಾನೇ ಎಳೆದುಕೊಳ್ಳುತ್ತದೆ. ಹೊರಗಿನಿಂದ ಡಬ್ಬಿಯ ಬಾಗಿಲು ತಟ್ಟಬೇಕಾಗಿಲ್ಲ. ನಮಗೆ ಇದೇ ಮುಖ್ಯ, ಯಾಕಂದರೆ ಸಿಮ್ ಇಂಟರ್ನೆಟ್‌ನಲ್ಲಿ ನಮಗಂತಲೇ ಒಂದು ಪಬ್ಲಿಕ್ ವಿಳಾಸ ಸಿಗುವುದಿಲ್ಲ. ಲಾಗಿನ್ ಬೇಕಾದಾಗ ಮಾತ್ರ ಇಂಟರ್ನೆಟ್ ಮೇಲೆ ಖಾಸಗಿ ದಾರಿ ಮಾಡಿಕೊಡುವ ವೈರ್‌ಗಾರ್ಡ್ ಇದೆ. ಫ್ಲಕ್ಸ್ ಶುರು ಮಾಡಿದ ವೀವ್‌ವರ್ಕ್ಸ್ ಕಂಪನಿ 2024ರ ಫೆಬ್ರವರಿಯಲ್ಲಿ ಮುಚ್ಚಿತು. ಆಗ ಸ್ವಲ್ಪ ಹೆದರಿದ್ದೆವು, ಆದರೆ ಅದು ಆಗಲೇ ಸಿಎನ್‌ಸಿಎಫ್ ಕೈಯಲ್ಲಿತ್ತು, ಇವತ್ತಿಗೂ ನಡೆಯುತ್ತಿದೆ.

ಇನ್ನು ಸರ್ಟಿಫಿಕೇಟ್ ಕತೆ. ಕೆ3ಎಸ್ ತನ್ನ ಭಾಗಗಳು ಒಂದನ್ನೊಂದು ಗುರುತಿಸಲು ತನ್ನೊಳಗೆ ಬಳಸುವ ಸರ್ಟಿಫಿಕೇಟ್‌ಗಳಿಗೆ ಒಂದು ವರ್ಷ ಆಯುಷ್ಯ. ಮುಗಿಯಲು 90 ದಿನಕ್ಕಿಂತ ಕಡಿಮೆ ಇದ್ದಾಗ ಕೆ3ಎಸ್ ರೀಸ್ಟಾರ್ಟ್ ಆದರೆ ತಾನೇ ಹೊಸದು ಮಾಡಿಕೊಳ್ಳುತ್ತದೆ (ಇದು ನಾವು ಹಾಕಿದ್ದ ವರ್ಷನ್ ಲೆಕ್ಕ). ರೀಸ್ಟಾರ್ಟ್ ಆಗದಿದ್ದರೆ ಇಲ್ಲ. ರೋಣ, ನರಗುಂದದ ಡಬ್ಬಿಗಳು ವಾರಕ್ಕೊಮ್ಮೆ ಕರೆಂಟ್ ಹೋಗಿ ಬಂದು ತಾವೇ ರೀಸ್ಟಾರ್ಟ್ ಆಗುತ್ತಿದ್ದವು, ಅವಕ್ಕೆ ಏನೂ ಆಗಲಿಲ್ಲ. ಕೈಕೊಟ್ಟಿದ್ದು ರಾಣೆಬೆನ್ನೂರಿನದು. ಅಲ್ಲಿನ ಮಾಲೀಕರು ನಮ್ಮ ಮಾತು ಕೇಳಿ ದುಬಾರಿ ಯುಪಿಎಸ್ ಮತ್ತು ಜನರೇಟರ್ ಹಾಕಿದ್ದರು! ಇಡೀ ವರ್ಷ ಆ ಡಬ್ಬಿ ಒಮ್ಮೆಯೂ ಆಫ್ ಆಗಿರಲಿಲ್ಲ. ಓಡುತ್ತಿದ್ದದ್ದು ಓಡುತ್ತಲೇ ಇತ್ತು, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಹೊಸ ವರ್ಷನ್ ಕಳಿಸಿದಾಗ 22 ಬದಲಾದವು, ಒಂದು ಬದಲಾಗಲಿಲ್ಲ, ಅದರ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ಕೆ3ಎಸ್ ಒಮ್ಮೆ ರೀಸ್ಟಾರ್ಟ್ ಮಾಡಿದೆ, ಎರಡು ನಿಮಿಷದ ಕೆಲಸ. ದಾಖಲೆಯಲ್ಲಿ ಇದೆಲ್ಲ ಬರೆದೇ ಇದೆ, ಓದದೇ ಇದ್ದದ್ದು ನಾನು. ಈಗ ಎರಡು ತಿಂಗಳಿಗೊಮ್ಮೆ ಬೇಕಂತಲೇ ರೀಸ್ಟಾರ್ಟ್ ಮಾಡಿಸುತ್ತೇನೆ.

ಹಾರ್ಡ್‌ವೇರ್ ಬಗ್ಗೆ ಬರೆಯಲು ಹೋದರೆ ಇನ್ನೊಂದು ಇಷ್ಟೇ ಉದ್ದ ಆಗುತ್ತದೆ. ಮೆಮೊರಿ ಕಾರ್ಡಿನ ಮೇಲೆ ಕೆ3ಎಸ್ ಓಡಿಸಬೇಡಿ, ಅಷ್ಟೇ. ಅದು ಸದಾ ಏನಾದರೂ ಬರೆಯುತ್ತಲೇ ಇರುತ್ತದೆ, ಜೊತೆಗೆ ಕರೆಂಟ್ ಕಟ್, ಮೊದಲ ವರ್ಷ ಐದು ಕಾರ್ಡ್ ಸತ್ತವು. ಎಲ್ಲ ಎಸ್‌ಎಸ್‌ಡಿಗೆ ಬದಲಿಸಿದೆವು. ಇನ್ನೊಂದು, ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ನಾಲ್ಕು ತಾಸು ಕರೆಂಟ್ ಹೋಗಿ ಬಂದರೆ ಅದು ನಾಲ್ಕು ತಾಸು ಹಿಂದೆಯೇ ಇರುತ್ತದೆ, ನೆಟ್ ಬಂದು ಟೈಮ್ ತಿಳಿಯುವವರೆಗೂ. ಬೆಳಗಿನ ಜಾವದ ಟೆಂಪರೇಚರ್ ಹಿಂದಿನ ರಾತ್ರಿಯ ಲೆಕ್ಕಕ್ಕೆ ಸೇರಿ ಒಬ್ಬ ಮಾಲೀಕರ ಜೊತೆ ದೊಡ್ಡ ವಾದವೇ ಆಯಿತು. ಗಡಿಯಾರದ ಸಣ್ಣ ಚಿಪ್ ಹಾಕಿಸಿದ ಮೇಲೆ ಸರಿ ಹೋಯಿತು. ಮತ್ತೆ ಬ್ಯಾಡಗಿಗೆ ಫ್ಯಾನ್ ಇರುವ ಕಂಪ್ಯೂಟರ್ ತಗೊಂಡು ಹೋಗಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಸೀಸನ್ನಿನಲ್ಲಿ ಆ ಫ್ಯಾನ್ ಬಿಚ್ಚಿ ಊದಿ ನೋಡಿ. ನಾನು ಅರ್ಧ ತಾಸು ಸೀನಿದೆ, ಕಾಕಾ ನಗುತ್ತಾ ನೀರು ತಂದುಕೊಟ್ಟರು.

ಡೇಟಾ ಖರ್ಚು ಇನ್ನೊಂದು ತಲೆನೋವು. ಕ್ಯಾಮೆರಾ ಪ್ರೋಗ್ರಾಂನ ಇಮೇಜ್ (ಫೋಟೋ ಅಲ್ಲ, ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದೆಲ್ಲ ಸೇರಿಸಿ ಕಟ್ಟಿದ ಗಂಟು) ಒಂದೂವರೆ ಜಿಬಿ, ಅದನ್ನು 23 ಸಿಮ್ ಮೇಲೆ ಎಳೆಸಿದರೆ ಆ ದಿನದ ಪ್ಯಾಕ್ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಕೆ3ಎಸ್‌ನಲ್ಲಿ ಇದಕ್ಕೆ ಒಂದು ಒಳ್ಳೆ ದಾರಿ ಇದೆ: ಇಮೇಜನ್ನು ಫೈಲ್ ಮಾಡಿ ಅದರದೇ ಒಂದು ಫೋಲ್ಡರಿನಲ್ಲಿಟ್ಟರೆ ಶುರುವಾಗುವಾಗ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ದೊಡ್ಡ ಬದಲಾವಣೆ ಇದ್ದಾಗ ಪೆನ್‌ಡ್ರೈವ್ ತುಂಬಿಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೂ ಉಂಟು. ನರಗುಂದಕ್ಕೆ ಆ ಬಸ್ಸು ನಮ್ಮ ನೆಟ್‌ಗಿಂತ ಬೇಗ ಮುಟ್ಟಿತು.

ಅಪ್‌ಗ್ರೇಡ್ ವಿಷಯದಲ್ಲಿ ನನಗೆ ಸಮಾಧಾನ ಇಲ್ಲ. ಕುಬರ್ನೆಟಿಸ್ ವರ್ಷಕ್ಕೆ ಮೂರು ಸಲ ಹೊಸ ವರ್ಷನ್ ಬಿಡುತ್ತದೆ, ಒಂದೊಂದಕ್ಕೂ ಸುಮಾರು 14 ತಿಂಗಳು ಮಾತ್ರ ಬೆಂಬಲ, ನಡುವಿನದನ್ನು ಹಾರಿಸಿ ಮುಂದೆ ಹೋಗುವಂತಿಲ್ಲ. ಗೋದಾಮಿನ ಥರ್ಮಾಮೀಟರ್ ಓದಲು ಇಷ್ಟು ಓಟ ಯಾಕೆ ಅಂತ ಅನ್ನಿಸುತ್ತದೆ. ಜನವರಿಯಿಂದ ಏಪ್ರಿಲ್ ಬ್ಯಾಡಗಿ ಮಾರ್ಕೆಟ್ ಮೆಣಸಿನಕಾಯಿಯಿಂದ ತುಂಬಿರುತ್ತದೆ, ಆಗ ನಾವು ಯಾವ ಡಬ್ಬಿಯನ್ನೂ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಮೂರನ್ನೂ ಸಾಲಾಗಿ ಹತ್ತಿಸುತ್ತೇವೆ, ಮೊದಲು ಕುಂದಗೋಳ, ಯಾಕಂದರೆ ಕೆಟ್ಟರೆ ಬೈಕಿನಲ್ಲಿ ಹೋಗಿ ಬರಬಹುದು. ಸಮಾಧಾನದ ಮಾತೆಂದರೆ ಡಬ್ಬಿ ಪೂರ್ತಿ ಕೆಟ್ಟರೂ ರಿಪೇರಿಗೆ ಕೂರುವುದಿಲ್ಲ. ಹೊಸ ಡಿಸ್ಕ್, ಕೆ3ಎಸ್, ಫ್ಲಕ್ಸ್, ಉಳಿದದ್ದು ಗಿಟ್‌ನಿಂದ ಬರುತ್ತದೆ. ಲಕ್ಷ್ಮೇಶ್ವರದಲ್ಲಿ ಚಹಾ ಬಂದು ಆರುವಷ್ಟರಲ್ಲಿ ಮುಗಿದಿತ್ತು.

ಮೆಮೊರಿ ಲೆಕ್ಕ ಹೇಳಬೇಕಲ್ಲ: ಏನೂ ಓಡದಿದ್ದರೂ ಕೆ3ಎಸ್ ಒಂದೇ ನಮ್ಮಲ್ಲಿ ಅರ್ಧ ಜಿಬಿಗಿಂತ ಜಾಸ್ತಿ ತಿನ್ನುತ್ತದೆ, ಫ್ಲಕ್ಸ್ ಬೇರೆ. 4 ಜಿಬಿ ಇಲ್ಲದ ಡಬ್ಬಿ ಕೊಳ್ಳಬೇಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ, ಅರ್ಧ ಅಂಕ ಅಪ್‌ಗ್ರೇಡಿಗೆ, ಇನ್ನರ್ಧ ಸರ್ಟಿಫಿಕೇಟಿಗೆ ಕಡಿತ. ಮೂರ್ನಾಲ್ಕು ಸೈಟ್ ಮಾತ್ರ ಇರುವವರು ಇದನ್ನು ಹಾಕಲು ಹೋಗಬೇಡಿ, ಒಂದೊಂದು ಕಂಪ್ಯೂಟರಿನಲ್ಲಿ ಪ್ರೋಗ್ರಾಂಗಳನ್ನು ಓಡಿಸುವ ಡಾಕರ್ ಕಂಪೋಸ್ ಸಾಕು. ಹತ್ತು ದಾಟಿದ ಮೇಲೆ ನೋಡಿ. ನಮಗೆ ಮುಂದಿನ ತಿಂಗಳು ಸವಣೂರಿನಲ್ಲಿ 24ನೆಯದು ಇದೆ, ಅಲ್ಲಿ ಯುಪಿಎಸ್ ಇನ್ನೂ ಬಂದಿಲ್ಲವಂತೆ.