ಹೇಡ್ರಿಯನ್ ಗೋಡೆಯ ಚಾರಣ: ಗೈಡಿಗೆ ಪೂರ್ತಿ ಮಾರ್ಕು, ಊಟಕ್ಕೆ ಅರ್ಧ

ಇಂಗ್ಲೆಂಡಿನ ಉತ್ತರ ಭಾಗದಲ್ಲಿರುವ ಹೇಡ್ರಿಯನ್ ಗೋಡೆಯ ಪಕ್ಕದಲ್ಲಿ ಗೈಡ್ ಜೊತೆ ನಡೆಯುವ ಒಂದು ವಾರದ ಪ್ಯಾಕೇಜಿಗೆ ನಾನು, ನಮ್ಮ ಯಜಮಾನರು, ಮಗಳು ಮೂವರೂ ಹೋಗಿ ಬಂದೆವು. ಬಂದ ಮೇಲೆ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ನೀರ್ಚಾಲು ಕಡೆಯಿಂದ ಫೋನ್ ಮೇಲೆ ಫೋನ್. ಹೇಗಿತ್ತು ಅಕ್ಕ, ಕೊಟ್ಟ ದುಡ್ಡಿಗೆ ಸರಿಯಾಯ್ತಾ, ನಮ್ಮ ಪ್ರಾಯದವರಿಗೆ ಆಗ್ತದಾ ಅಂತ. ಮಕ್ಕಳು ಆ ದೇಶದಲ್ಲಿ ಕೆಲಸದಲ್ಲಿರುವ ಮನೆಗಳು ನಮ್ಮಲ್ಲಿ ಈಗ ಜಾಸ್ತಿ ಅಲ್ವಾ, ಅದಕ್ಕೆ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಹೋಗಿ ಅಂತಲೇ ಹೇಳುತ್ತೇನೆ. ಆದರೆ ಗೈಡ್ ಇರುವ ಪ್ಯಾಕೇಜಿಗೇ ಹೋಗಿ, ಗೋಡೆಯ ನಡುಭಾಗಕ್ಕೇ ಹೋಗಿ.

ಗೋಡೆಯ ಬಗ್ಗೆ ಸ್ವಲ್ಪ. ರೋಮಿನ ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಬ್ರಿಟನ್ನಿಗೆ ಬಂದಿದ್ದ. ತನ್ನ ರಾಜ್ಯದ ಉತ್ತರದ ಗಡಿಗೆ ಅವನು ಹಾಕಿಸಿದ ಗೋಡೆ ಇದು. ಪೂರ್ವದಲ್ಲಿ ಟೈನ್ ನದಿಯ ದಡದ ವಾಲ್ಸೆಂಡಿನಿಂದ ಪಶ್ಚಿಮದಲ್ಲಿ ಸಾಲ್ವೆ ಕೊಲ್ಲಿಯ ಬೋನೆಸ್ ಹಳ್ಳಿಯವರೆಗೆ ಸುಮಾರು 117 ಕಿಲೋಮೀಟರ್. ಕಟ್ಟಿದವರು ಮೂರು ಲೀಜನ್‌ಗಳ, ಅಂದರೆ ರೋಮಿನ ದೊಡ್ಡ ಸೇನಾಪಡೆಗಳ, ಸೈನಿಕರೇ. ಪ್ರತಿ ರೋಮನ್ ಮೈಲಿಗೆ ಒಂದು ಸಣ್ಣ ಕೋಟೆ, ಅಂಥ ಎರಡು ಕೋಟೆಗಳ ನಡುವೆ ಎರಡು ಕಾವಲು ಗೋಪುರ, ಅಲ್ಲಲ್ಲಿ ನೂರಾರು ಸೈನಿಕರು ಇರುವ ದೊಡ್ಡ ಕೋಟೆಗಳು. 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಉದ್ದಕ್ಕೂ ನಡೆಯುವ 135 ಕಿಲೋಮೀಟರಿನ ದಾರಿಯನ್ನು 2003ರಲ್ಲಿ ತೆರೆದರು.

ಪೂರ್ತಿ ದಾರಿ ನಡೆಸುವ ಪ್ಯಾಕೇಜೂ ಇದೆ. ಅದು ಬೇಡ. ನ್ಯೂಕಾಸಲ್ ಪೇಟೆಯೊಳಗೆ ಗೋಡೆ ಕಾಣುವುದೇ ಅಪರೂಪ, ಪಶ್ಚಿಮದ ಕಡೆಗೂ ಹೆಚ್ಚಾಗಿ ಹುಲ್ಲುಗಾವಲು. ಕಲ್ಲು ಕಣ್ಣಿಗೆ ಚೆನ್ನಾಗಿ ಸಿಗುವುದು ಚೋಲರ್‌ಫೋರ್ಡಿನಿಂದ ಬರ್ಡೋಸ್ವಾಲ್ಡ್‌ವರೆಗೆ. ನಾವು ತೆಗೆದುಕೊಂಡದ್ದು ಅದನ್ನೇ. ದಿನಕ್ಕೆ 10ರಿಂದ 16 ಕಿಲೋಮೀಟರ್ ನಡಿಗೆ. ಬ್ಯಾಗುಗಳನ್ನು ವ್ಯಾನಿನಲ್ಲಿ ಮುಂದಿನ ವಸತಿಗೆ ಕಳುಹಿಸುತ್ತಾರೆ, ನಮ್ಮ ಬೆನ್ನಿಗೆ ನೀರು, ಬುತ್ತಿ, ಮಳೆಕೋಟು ಅಷ್ಟೇ. ವಿಮಾನ, ವೀಸಾ ಬಿಟ್ಟು ತಲಾ ಒಂದು ಲಕ್ಷಕ್ಕಿಂತ ಜಾಸ್ತಿಯೇ ಆಯಿತು.

ಆ ದುಡ್ಡು ವಸೂಲಾದದ್ದು ಗೈಡ್‌ನಿಂದ. ಅರುವತ್ತರ ಆಸುಪಾಸಿನ ಹೆಂಗಸು, ಮೊದಲು ಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತಿದ್ದವರು. ಹೆಚ್ಚು ಮಾತಾಡುವುದಿಲ್ಲ, ಮೊದಲು ನೋಡಲು ಬಿಡುತ್ತಾರೆ. ಪ್ಲೇನ್‌ಟ್ರೀಸ್ ಅಂತ ಒಂದು ಜಾಗ, ಹುಲ್ಲಿನ ನಡುವೆ ಗೋಡೆಯ ಒಂದು ತುಂಡು, ಪಕ್ಕದಲ್ಲಿ ಕುರಿಗಳು. ನಾವೇ ಹೋಗಿದ್ದರೆ ಒಂದು ಫೋಟೋ ತೆಗೆದು ಮುಂದೆ ಹೋಗುತ್ತಿದ್ದೆವು. ಇವರು ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿ ಕುಳಿತು, ಕೈಯಲ್ಲಿದ್ದ ಕೋಲನ್ನು ಅಡ್ಡ ಇಟ್ಟು, "ಇಲ್ಲಿ ನೋಡಿ" ಅಂದರು. ಕೆಳಗೆ ಪಂಚಾಂಗ, ಅಂದರೆ ಅಡಿಪಾಯ, ಅಗಲ, ಅದರ ಮೇಲೆ ಎದ್ದ ಗೋಡೆ ಸಪೂರ. ಪಂಚಾಂಗ ಹಾಕುವ ತಂಡ ಮುಂದೆ ಮುಂದೆ ಹೋಗುತ್ತಿತ್ತಂತೆ, ಗೋಡೆ ಎಬ್ಬಿಸುವ ತಂಡ ಹಿಂದಿನಿಂದ. ಶುರುವಿನಲ್ಲಿ 10 ರೋಮನ್ ಅಡಿ ಅಗಲ ಅಂತ ಲೆಕ್ಕ ಹಾಕಿದ್ದು, ನಡುವೆ ಎಲ್ಲೋ ಸಪೂರ ಮಾಡಿ ಅಂತ ಅಪ್ಪಣೆ ಬಂತು, ಆಗಲೇ ಹಾಕಿದ್ದ ಅಗಲದ ಪಂಚಾಂಗ ಹಾಗೇ ಉಳಿಯಿತು. ಸುಮಾರು 1900 ವರ್ಷದ ಹಿಂದೆ ಮೇಸ್ತ್ರಿಗಳ ಕೆಲಸ ನಡುವಿನಲ್ಲಿ ಬದಲಾದದ್ದು ಗೇಣಗಲದ ಆ ಮೆಟ್ಟಿಲಿನಲ್ಲಿ ಕಾಣುತ್ತದೆ. ಕೈ ಇಟ್ಟು ನೋಡಿ ಅಂದರು. ಕಲ್ಲಿನ ಮುಖದಲ್ಲಿ ಉಳಿಯ ಗೆರೆಗಳು ಬೆರಳಿಗೆ ಸಿಕ್ಕವು. ನಮ್ಮ ಯಜಮಾನರು ಮನೆ ಕಟ್ಟಿಸುವಾಗ ಮುರಕಲ್ಲಿನ ಒಂದೊಂದು ವರಸೆಯನ್ನೂ ನಿಂತು ನೋಡಿದವರು, ಅವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಆ ತುಂಡು ಉಳಿದ ಕಥೆಯನ್ನೂ ಹೇಳಿದರು. 1801ರಲ್ಲಿ ವಿಲಿಯಂ ಹಟನ್ ಎಂಬ 78 ವರ್ಷದ ಮುದುಕ ಬರ್ಮಿಂಗ್‌ಹ್ಯಾಮಿನಿಂದ ಕಾಲ್ನಡಿಗೆಯಲ್ಲೇ ಗೋಡೆ ನೋಡಲು ಬಂದ. ಇಲ್ಲಿಗೆ ಮುಟ್ಟುವಾಗ ಜಾಗದ ಯಜಮಾನ ಮನೆ ಕಟ್ಟಲಿಕ್ಕೆ ಗೋಡೆಯ ಕಲ್ಲು ಕೀಳಿಸುತ್ತಿದ್ದ. ನಿಲ್ಲಿಸು ಅಂತ ಮುದುಕ ಬೇಡಿಕೊಂಡದ್ದರಿಂದ ಇಷ್ಟಾದರೂ ಉಳಿಯಿತು. ಅದಕ್ಕಿಂತ ಮೊದಲು, 1750ರ ದಶಕದಲ್ಲಿ, ಸೈನ್ಯದ ರಸ್ತೆ ಹಾಕಲು ಸರಕಾರವೇ ಮೈಲುಗಟ್ಟಲೆ ಗೋಡೆ ಒಡೆಸಿತ್ತು. ಆಮೇಲೆ ಜಾನ್ ಕ್ಲೇಟನ್ ಎಂಬ ವಕೀಲ ಗೋಡೆ ಇರುವ ಜಾಗಗಳನ್ನು ಒಂದೊಂದಾಗಿ ಕ್ರಯಕ್ಕೆ ತೆಗೆದುಕೊಂಡು ಕಾಪಾಡಿದ. ಇದನ್ನೆಲ್ಲ ಕೇಳುವಾಗ ನನಗೆ ನಮ್ಮ ಚಂದ್ರಗಿರಿ ಕೋಟೆಯದ್ದೇ ಯೋಚನೆ. ಎಷ್ಟು ಸಲ ಹತ್ತಿ ಹೊಳೆ ನೋಡಿ ಇಳಿದಿದ್ದೇವೆ! ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಶಾಲೆಯಲ್ಲಿ ಓದಿದ್ದು ಬಿಟ್ಟರೆ ಆ ಮುರಕಲ್ಲನ್ನು ಹೇಗೆ ಕಡಿದರು, ಕೊತ್ತಳ ಅಲ್ಲಿಯೇ ಯಾಕೆ ಬಂತು ಅಂತ ಮೊಣಕಾಲೂರಿ ತೋರಿಸಿದವರು ಒಬ್ಬರೂ ಇಲ್ಲ. ಬೇಕಲ ಕೋಟೆ ಒಂದೇ ಸುಮಾರು 40 ಎಕ್ರೆ ಇದೆ. ಬೇಕಲ, ಚಂದ್ರಗಿರಿ, ಆರಿಕ್ಕಾಡಿ ಮೂರನ್ನೂ ಸೇರಿಸಿ, ಗೊತ್ತಿದ್ದವರು ಯಾರಾದರೂ ಕನ್ನಡದಲ್ಲಿ ಇಂಥ ನಡಿಗೆ ಮಾಡಿಸಿದರೆ ನಾನು ಖಂಡಿತ ದುಡ್ಡು ಕೊಟ್ಟು ಬರುತ್ತೇನೆ.

ನಡಿಗೆ ಕಷ್ಟವಾ ಅಂದರೆ, ನಡುಭಾಗದಲ್ಲಿ ಹೌದು. ಅಲ್ಲಿ ಗೋಡೆ ಕಪ್ಪು ಬಂಡೆಯ ಏಣಿನ ಮೇಲೆಯೇ ಹೋಗುತ್ತದೆ, ಉತ್ತರಕ್ಕೆ ನೇರ ಪ್ರಪಾತ. ಹತ್ತು, ಇಳಿ, ಮತ್ತೆ ಹತ್ತು. ಅತಿ ಎತ್ತರದ ವಿನ್‌ಶೀಲ್ಡ್ಸ್ ಕೂಡ 345 ಮೀಟರ್ ಅಷ್ಟೇ, ಆದರೆ ಕಲ್ಲಿನ ಮೆಟ್ಟಿಲು ಇಳಿಯುವಾಗ ಮೊಣಗಂಟು ಮಾತಾಡುತ್ತದೆ. ಬೇಲಿ ಬಂದಲ್ಲೆಲ್ಲ ತಡಮೆ ಹತ್ತಿ ದಾಟಬೇಕು. ತೋಟ ಗುಡ್ಡೆ ಅಂತ ದಿನಾ ನಡೆಯುವವರಿಗೆ ಏನೂ ತೊಂದರೆ ಇಲ್ಲ. ಮಂಡಿನೋವು ಇದ್ದವರು ಎರಡು ಕೋಲು ತೆಗೆದುಕೊಳ್ಳಿ. ಜೂನ್ ತಿಂಗಳಲ್ಲೂ ಗಾಳಿ ಅಂದರೆ ಗಾಳಿ, ಮಳೆ ಅಡ್ಡಕ್ಕೆ ಹೊಡೆಯುತ್ತದೆ, ಕೊಡೆ ಬಿಡಿಸುವ ಆಸೆ ಬೇಡ. ಗೋಡೆಯ ಮೇಲೆ ಹತ್ತಬಾರದು. ಹುಲ್ಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯಬೇಡಿ, ಪಕ್ಕ ಪಕ್ಕ ನಡೆಯಿರಿ ಅಂತಲೂ ಹೇಳುತ್ತಾರೆ, ಇಲ್ಲದಿದ್ದರೆ ಕಾಲುದಾರಿ ಗುಂಡಿ ಬಿದ್ದು ಅಡಿಯ ಮಣ್ಣಿನಲ್ಲಿರುವ ಹಳೆಯ ಕುರುಹುಗಳೇ ಹಾಳಾಗುತ್ತವೆ.

ಸಿಕಮೋರ್ ಗ್ಯಾಪ್ ಅಂತ ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ ಒಂದೇ ಒಂದು ದೊಡ್ಡ ಮರ ಇತ್ತು, ಫೋಟೋಗಳಲ್ಲಿ ನೀವೂ ನೋಡಿರಬಹುದು. 2023ರ ಸೆಪ್ಟೆಂಬರಿನಲ್ಲಿ ರಾತ್ರಿ ಇಬ್ಬರು ಬಂದು ಅದನ್ನು ಕಡಿದು ಹಾಕಿದರು. 2025ರಲ್ಲಿ ಇಬ್ಬರಿಗೂ ಜೈಲು ಆಯಿತು. ಬುಡದಿಂದ ಚಿಗುರು ಬಂದಿದೆ. ನಮ್ಮ ಗುಂಪಿನಲ್ಲಿ ಅಲ್ಲಿ ಯಾರೂ ಮಾತಾಡಲಿಲ್ಲ.

ಹೌಸ್‌ಸ್ಟೆಡ್ಸ್ ಕೋಟೆಗೆ ಅರ್ಧ ದಿನ ಕೊಟ್ಟರು, ಅದು ಒಳ್ಳೆಯದಾಯಿತು. ಸುಮಾರು 800 ಸೈನಿಕರಿದ್ದ ಕೋಟೆ. ಅವರ ಸಾಮೂಹಿಕ ಕಕ್ಕಸು, ಅದನ್ನು ತೊಳೆಯುವ ನೀರಿನ ಕಾಲುವೆ ಈಗಲೂ ಕಾಣುತ್ತದೆ. ನನಗೆ ಇಷ್ಟವಾದದ್ದು ಧಾನ್ಯದ ಕೋಣೆ. ನೆಲದ ಹಲಗೆ ಹೊರಲು ಸಾಲು ಸಾಲಾಗಿ ಮೋಟು ಕಲ್ಲು ಕಂಬಗಳು, ಅಡಿಯಲ್ಲಿ ಗಾಳಿ ಓಡಾಡಬೇಕು, ಥಂಡಿ ಹಿಡಿಯಬಾರದು, ಇಲಿ ಬರಬಾರದು. ನಮ್ಮ ಹಳೆ ಮನೆಯ ಪತ್ತಾಯವನ್ನು ಕಾಲಿನ ಮೇಲೆ ನಿಲ್ಲಿಸಿದ ಹಾಗೆಯೇ! ಇನ್ನೊಂದು ಸಂಗತಿ, ಗೋಡೆ ಕಾದವರು ಎಲ್ಲ ರೋಮಿನವರಲ್ಲ. ಕಾರ್ವೊರಾನ್ ಕೋಟೆಯಲ್ಲಿ ಇದ್ದದ್ದು ಸಿರಿಯಾದ ಹಮಾದ ಬಿಲ್ಲುಗಾರರ ಪಡೆ. ಬಿಸಿಲ ನಾಡಿನವರು ಈ ಗಾಳಿಯಲ್ಲಿ ಹೇಗೆ ಕಳೆದರೋ. ದಾರಿಯಲ್ಲಿ ಕವೆಂಟಿನಾ ಎಂಬ ದೇವಿಯ ಬುಗ್ಗೆ ಇದ್ದ ಜಾಗವೂ ಸಿಗುತ್ತದೆ. 1876ರಲ್ಲಿ ಅದನ್ನು ತೋಡಿದಾಗ 13,000ಕ್ಕೂ ಹೆಚ್ಚು ನಾಣ್ಯ ಸಿಕ್ಕಿದವು, ಹರಕೆಯವು.

ಇನ್ನು ಬೇಸರದ ವಿಷಯ. ಕಂಪೆನಿಯ ಹೆಸರು ಹಾಕುವುದಿಲ್ಲ. ಸಸ್ಯಾಹಾರ ಅಂತ ಬುಕಿಂಗ್ ಮಾಡುವಾಗಲೇ ಬರೆದು ಕೊಟ್ಟಿದ್ದೆವು, ಆಮೇಲೆ ಮಗಳು ಫೋನಿನಲ್ಲೂ ಹೇಳಿದ್ದಳು. ಆದರೂ ಮಧ್ಯಾಹ್ನದ ಬುತ್ತಿ ದಿನಾ ತಣ್ಣನೆಯ ಚೀಸ್ ಸ್ಯಾಂಡ್‌ವಿಚ್, ಒಂದು ಆ್ಯಪಲ್, ಒಂದು ಪೊಟ್ಟಣ ಚಿಪ್ಸ್. ಅಷ್ಟು ದುಡ್ಡು ತೆಗೆದುಕೊಂಡವರು ಒಂದು ದಿನವಾದರೂ ಬದಲಿಸಬಹುದಿತ್ತು. ರಾತ್ರಿ ಊಟ ಪರವಾಗಿಲ್ಲ, ಬಿಸಿ ಸೂಪು, ಬೇಯಿಸಿದ ತರಕಾರಿ, ಆಲೂಗಡ್ಡೆ ಬೇಕಾದಷ್ಟು. ನಾವು ಮನೆಯಿಂದ ಚಟ್ನಿಪುಡಿ, ಅವಲಕ್ಕಿ, ಉಪ್ಪಿನಕಾಯಿ ಕೊಂಡುಹೋಗಿದ್ದೆವು, ಅದು ಕೈ ಹಿಡಿಯಿತು. ಒಂದು ಸಂಜೆ ನಮ್ಮ ಬ್ಯಾಗುಗಳು ಬೇರೆ ಯಾವುದೋ ವಸತಿಗೆ ಹೋಗಿದ್ದವು. ಮಳೆಯಲ್ಲಿ ನೆನೆದು ಬಂದವರು ಒದ್ದೆ ಬಟ್ಟೆಯಲ್ಲೇ ರಾತ್ರಿವರೆಗೆ ಕುಳಿತೆವು. ಯಜಮಾನರ ಬಿಪಿ ಮಾತ್ರೆ ನನ್ನ ಬೆನ್ನಿನ ಚೀಲದಲ್ಲಿತ್ತು, ಇಲ್ಲದಿದ್ದರೆ ಏನು ಮಾಡಬೇಕಿತ್ತು? ಆಫೀಸಿನವರು ಸಾರಿ ಹೇಳಿದರು, ಅಷ್ಟೇ. ಗೈಡೇ ತನ್ನ ಕಾರಿನಲ್ಲಿ ಹೋಗಿ ಬ್ಯಾಗು ತಂದರು.

ನನಗೆ ನಿಜವಾಗಿ ಸಿಟ್ಟು ಬಂದದ್ದು ವಿಂಡೊಲಾಂಡಾದಲ್ಲಿ. ಗೋಡೆಯ ಸ್ವಲ್ಪ ದಕ್ಷಿಣಕ್ಕಿರುವ, ಗೋಡೆಗಿಂತಲೂ ಹಳೆಯ ಕೋಟೆ ಅದು. ಗಾಳಿ ಹೋಗದ ಕೆಸರಿನಲ್ಲಿ ಚರ್ಮದ ಚಪ್ಪಲಿ, ಮರದ ಸಾಮಾನು ಎಲ್ಲ ಕೊಳೆಯದೆ ಉಳಿದಿವೆ. 1973ರಿಂದ ಅಲ್ಲಿ ತೆಳ್ಳಗಿನ ಮರದ ಹಾಳೆಗಳಲ್ಲಿ ಶಾಯಿಯಿಂದ ಬರೆದ ಪತ್ರಗಳು ಸಿಗುತ್ತಿವೆ, ಪೋಸ್ಟ್ ಕಾರ್ಡಿನಷ್ಟು ಗಾತ್ರ. ನಿನಗೆ ಸಾಕ್ಸ್ ಕಳಿಸಿದ್ದೇನೆ, ಒಳಚಡ್ಡಿ ಕಳಿಸಿದ್ದೇನೆ ಅಂತ ಒಂದರಲ್ಲಿ. ಇನ್ನೊಂದು, ಕ್ರಿ.ಶ. 100ರ ಹೊತ್ತಿಗೆ ಕ್ಲಾಡಿಯಾ ಸೆವೆರಾ ಎಂಬವಳು ಗೆಳತಿ ಲೆಪಿಡಿನಾಳನ್ನು ತನ್ನ ಹುಟ್ಟುಹಬ್ಬಕ್ಕೆ ಕರೆದದ್ದು. ಪತ್ರ ಬರೆದದ್ದು ಬೇರೆ ಯಾರೋ, ಕೊನೆಯ ಸಾಲುಗಳು ಮಾತ್ರ ಅವಳ ಕೈಬರಹ. ಹೆಂಗಸೊಬ್ಬಳ ಲ್ಯಾಟಿನ್ ಕೈಬರಹದಲ್ಲಿ ನಮಗೆ ಸಿಕ್ಕ ಅತಿ ಹಳೆಯವುಗಳಲ್ಲಿ ಅದೊಂದು. ಮೂಲ ಪತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, ಆದರೂ ಇಲ್ಲಿ ನೋಡುವುದು ಬೇಕಾದಷ್ಟಿದೆ. ಇಂಥ ಜಾಗವನ್ನು ಕೊನೆಯ ದಿನದ ಸಂಜೆಗೆ ತುರುಕಿದ್ದರು. ಬಾಗಿಲು ಹಾಕುವ ಹೊತ್ತಾಯಿತು ಅಂತ ಒಂದೇ ಗಂಟೆಯಲ್ಲಿ ಹೊರಗೆ ಬರಬೇಕಾಯಿತು. ಇದು ಗೈಡ್ ತಪ್ಪಲ್ಲ, ಪಟ್ಟಿ ಮಾಡಿದವರ ತಪ್ಪು.

ಹೋಗುವವರಿಗೆ: ಮೇ ಕೊನೆಯಿಂದ ಸೆಪ್ಟೆಂಬರ್ ಒಳಗೆ ಹೋಗಿ, ಚಳಿಗಾಲದಲ್ಲಿ ನೆಲ ಕೆಸರು, ಕತ್ತಲೆಯೂ ಬೇಗ. ಮಂಗಳೂರಿನಿಂದ ದುಬೈ, ಅಲ್ಲಿಂದ ನ್ಯೂಕಾಸಲ್‌ಗೆ ವಿಮಾನ ಇದೆ, ಲಂಡನ್ ಸುತ್ತುವುದು ಬೇಡ. ಮಾತ್ರೆ, ಒಂದು ಜೊತೆ ಒಣ ಬಟ್ಟೆ, ಚಟ್ನಿಪುಡಿ ಬೆನ್ನಿನ ಚೀಲದಲ್ಲೇ ಇರಲಿ. ದುಡ್ಡು ಕಟ್ಟುವ ಮೊದಲು ವಿಂಡೊಲಾಂಡಾಕ್ಕೆ ಎಷ್ಟು ಹೊತ್ತು ಕೊಡುತ್ತೀರಿ ಅಂತ ಕೇಳಿ. ಅರ್ಧ ದಿನಕ್ಕಿಂತ ಕಡಿಮೆ ಅಂದರೆ ಬೇರೆ ಕಂಪೆನಿ ನೋಡಿ.